ಡ್ರೈವ್ ತುಂಬಿದಾಗ ಕಂಪ್ರೆಷನ್ ಹಾಕಬೇಕಾ? ಫೋಲ್ಡರ್ ನೋಡಿ ತೀರ್ಮಾನಿಸುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನನ್ನ ಡಿಟಿಪಿ ಅಂಗಡಿಗೆ ಮೊನ್ನೆ ಒಬ್ಬರು ನಿವೃತ್ತ ಮಾಷ್ಟ್ರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಊರಿನ ಚರಿತ್ರೆ ಬರೆಯುತ್ತಿದ್ದಾರೆ. ತಾಳಮದ್ದಳೆ ಎಲ್ಲಿದ್ದರೂ ಹೋಗಿ ರೆಕಾರ್ಡ್ ಮಾಡುತ್ತಾರೆ. ಹಳೆಯ ಪ್ರಸಂಗದ ಹಸ್ತಪ್ರತಿ ಸಿಕ್ಕಿದರೆ ಸ್ಕ್ಯಾನ್ ಮಾಡಿ ಇಡುತ್ತಾರೆ.

"ಇದು ತುಂಬಿಹೋಗಿದೆ ಮಾರಾಯ್ರೆ, ಒಂದು ಪುಟ ಸೇವ್ ಆಗುವುದಿಲ್ಲ. ಡ್ರೈವ್‌ನ ಪ್ರಾಪರ್ಟೀಸ್‌ನಲ್ಲಿ ಒಂದು ಟಿಕ್ ಹಾಕಿದರೆ ಜಾಗ ಆಗುತ್ತದಂತೆ, ಹೌದಾ?"

"ಹೌದು ಮಾಷ್ಟ್ರೇ, ಆದರೆ ಆ ಟಿಕ್ ಇಡೀ ಡ್ರೈವ್‌ಗೆ ಹಾಕುವುದು ಬೇಡ. ಒಳಗೆ ಏನೇನಿದೆ ನೋಡೋಣ" ಅಂದೆ.

ಆ ದಿನ ನಾವಿಬ್ಬರೂ ಕೂತು ಮಾಡಿದ ಕೆಲಸವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಆ ಟಿಕ್ ಮಾಡುವ ಕೆಲಸಕ್ಕೆ ಕಂಪ್ರೆಷನ್ ಎಂದು ಹೆಸರು, ಅಂದರೆ ಫೈಲನ್ನು ಒತ್ತಿ ಸಣ್ಣ ಜಾಗದಲ್ಲಿ ಇಡುವುದು. ಅದು ಒಳ್ಳೆಯದಾ ಕೆಟ್ಟದಾ ಎಂದು ಕೇಳಿದರೆ ನನ್ನ ಹತ್ತಿರ ಒಂದೇ ಉತ್ತರ ಇಲ್ಲ. ಯಾವ ಫೋಲ್ಡರ್‌ಗೆ ಎಂದು ಕೇಳಿದರೆ ಹೇಳಬಲ್ಲೆ.

ಆ ಟಿಕ್ ಹಾಕಿದರೆ ಒಳಗೆ ಏನಾಗುತ್ತದೆ

ವಿಂಡೋಸ್ ಡ್ರೈವ್‌ಗಳು ಸಾಮಾನ್ಯವಾಗಿ ಎನ್‌ಟಿಎಫ್‌ಎಸ್ ಎಂಬ ಫೈಲ್ ಸಿಸ್ಟಂನಲ್ಲಿ, ಅಂದರೆ ಫೈಲ್‌ಗಳನ್ನು ಜೋಡಿಸಿ ಇಡುವ ಕ್ರಮದಲ್ಲಿ, ಇರುತ್ತವೆ. ಅದರಲ್ಲಿ ಕಂಪ್ರೆಷನ್ ಸೌಲಭ್ಯ ಬಂದದ್ದು 1995ರಲ್ಲಿ, ವಿಂಡೋಸ್ ಎನ್‌ಟಿ 3.51ರ ಜೊತೆ. ಜಿಪ್ ಮಾಡಿದ ಹಾಗೆ ಬೇರೆ ಫೈಲ್ ಹುಟ್ಟುವುದಿಲ್ಲ. ಫೈಲ್ ಅದೇ ಹೆಸರಿನಲ್ಲಿ ಅಲ್ಲೇ ಇರುತ್ತದೆ. ನೀವು ತೆರೆದಾಗ ವಿಂಡೋಸ್ ತಾನೇ ಬಿಡಿಸಿ ಕೊಡುತ್ತದೆ, ಸೇವ್ ಮಾಡಿದಾಗ ತಾನೇ ಒತ್ತಿ ಇಡುತ್ತದೆ.

ಒತ್ತುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಡ್ರೈವ್‌ನಲ್ಲಿ ಜಾಗ ಕೊಡುವುದು ಬಿಡಿಬಿಡಿಯಾಗಿ ಅಲ್ಲ, ಕ್ಲಸ್ಟರ್ ಲೆಕ್ಕದಲ್ಲಿ. ಒಂದು ಕ್ಲಸ್ಟರ್ ಅಂದರೆ ಸಾಮಾನ್ಯವಾಗಿ 4 ಕೆಬಿ. ಕಂಪ್ರೆಷನ್ ಹಾಕಿದ ಫೈಲನ್ನು ವಿಂಡೋಸ್ 16 ಕ್ಲಸ್ಟರ್‌ಗಳ, ಅಂದರೆ 64 ಕೆಬಿಯ ತುಂಡುಗಳಾಗಿ ನೋಡುತ್ತದೆ. ಒಂದು ತುಂಡು ಒತ್ತಿದ ಮೇಲೆ 30 ಕೆಬಿ ಆಯಿತು ಎಂದುಕೊಳ್ಳಿ. ಅದಕ್ಕೆ 8 ಕ್ಲಸ್ಟರ್ ಸಾಕು, ಉಳಿದ 8 ನಿಮಗೆ ಮಿಕ್ಕಿತು. ಒತ್ತಿದ ಮೇಲೂ 61 ಕೆಬಿ ಆದರೆ ಅದಕ್ಕೆ 16 ಕ್ಲಸ್ಟರೇ ಬೇಕು. ಒಂದೂ ಉಳಿಯಲಿಲ್ಲ, ಅಲ್ವಾ? ಆಗ ವಿಂಡೋಸ್ ಆ ತುಂಡನ್ನು ಒತ್ತದೆ ಹಾಗೇ ಇಡುತ್ತದೆ. ಒಂದು ಕ್ಲಸ್ಟರಿನಷ್ಟೂ ಇಲ್ಲದ ಸಣ್ಣ ಫೈಲ್‌ಗಳಿಗೂ ಇದರಿಂದ ಲಾಭ ಇಲ್ಲ.

ಇದು ಬೇಗ ಆಗಬೇಕು ಎಂದು ಮಾಡಿದ ವಿಧಾನ. ಜಿಪ್‌ನಷ್ಟು ಗಟ್ಟಿಯಾಗಿ ಹಿಂಡುವುದಿಲ್ಲ.

ಮೊದಲು: ಜಾಗ ತಿಂದದ್ದು ಯಾವುದು?

ವಿಂಡೋಸ್ 10 ಮತ್ತು 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್ ಎಂದು ಹೋದರೆ ಯಾವ ಬಗೆಯ ಫೈಲ್ ಎಷ್ಟು ಜಾಗ ಹಿಡಿದಿದೆ ಎಂದು ಕಾಣುತ್ತದೆ. ಇನ್ನೂ ವಿವರವಾಗಿ ಬೇಕಿದ್ದರೆ ವಿನ್‌ಡಿರ್‌ಸ್ಟಾಟ್ ಎಂಬ ಉಚಿತ ಪ್ರೋಗ್ರಾಂ ಇದೆ. ಅದು ಪ್ರತಿ ಫೋಲ್ಡರ್‌ನ ಗಾತ್ರವನ್ನು ಬಣ್ಣದ ಚೌಕಗಳಲ್ಲಿ ತೋರಿಸುತ್ತದೆ.

ಮಾಷ್ಟ್ರ ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ಚೌಕ ಯಾವುದು ಗೊತ್ತಾ? ಡೌನ್‌ಲೋಡ್ಸ್ ಫೋಲ್ಡರ್. ಒಂದೇ ವಿಡಿಯೊ ಮೂರು ಮೂರು ಸಲ ಇಳಿಸಿಕೊಂಡಿದ್ದರು. ಅದನ್ನು ಅವರೇ ನೋಡಿ ನೋಡಿ ಅಳಿಸಿದರು, ನಾನು ಮುಟ್ಟಲಿಲ್ಲ. ರೀಸೈಕಲ್ ಬಿನ್ ಖಾಲಿ ಮಾಡಿದೆವು. ಆಮೇಲೆ ಡಿಸ್ಕ್ ಕ್ಲೀನಪ್‌ನಲ್ಲಿ ಹಳೆಯ ಅಪ್‌ಡೇಟ್ ಫೈಲ್‌ಗಳನ್ನು ತೆಗೆದೆವು. ಬೇಡದ್ದನ್ನು ತೆಗೆಯದೆ ಕಂಪ್ರೆಷನ್‌ಗೆ ಹೊರಟರೆ ಕಸವನ್ನೇ ಒತ್ತಿ ಇಟ್ಟ ಹಾಗಾಗುತ್ತದೆ.

ಇನ್ನೊಂದು ಕಾರಣಕ್ಕೂ ಇದು ಮೊದಲು ಆಗಬೇಕು. ಇರುವ ಫೈಲನ್ನು ಒತ್ತುವಾಗ ವಿಂಡೋಸ್‌ಗೆ ಕೈಯಾಡಿಸಲು ಸ್ವಲ್ಪ ಖಾಲಿ ಜಾಗ ಬೇಕು. ಪೂರ್ತಿ ತುಂಬಿದ ಡ್ರೈವ್‌ನಲ್ಲಿ ಕೆಲಸ ಅರ್ಧಕ್ಕೆ ನಿಂತು ಜಾಗ ಇಲ್ಲ ಎಂಬ ಸಂದೇಶ ಬರಬಹುದು.

ಡ್ರೈವ್ ಗಟ್ಟಿ ಇದೆಯಾ, ಪ್ರತಿ ಇದೆಯಾ?

ಈ ಹಂತವನ್ನು ದಯವಿಟ್ಟು ಹಾರಿಸಬೇಡಿ. ಒತ್ತಿ ಇಟ್ಟ ಫೈಲ್‌ನಲ್ಲಿ ಒಂದು ಸೆಕ್ಟರ್, ಅಂದರೆ ಡ್ರೈವ್‌ನ ಒಂದು ಸಣ್ಣ ತುಣುಕು, ಕೆಟ್ಟರೆ ಅದರ ಅಕ್ಕಪಕ್ಕದ ಭಾಗವೂ ಬಿಡಿಸಲು ಬಾರದೆ ಹೋಗಬಹುದು. ಒತ್ತದ ಟೆಕ್ಸ್ಟ್ ಫೈಲ್ ಆದರೆ ಕೆಟ್ಟ ಸಾಲು ಬಿಟ್ಟು ಉಳಿದದ್ದನ್ನು ಓದಿಕೊಳ್ಳಬಹುದು. ಒತ್ತಿದ್ದರಲ್ಲಿ ಅದು ಕಷ್ಟ. ರಿಕವರಿ ಮಾಡುವವರಿಗೂ ಕೆಲಸ ಜಾಸ್ತಿ.

ಡ್ರೈವ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಪ್ರೋಗ್ರಾಂ ಹಾಕಿ ನೋಡಿ. ‘ಗುಡ್’ ಎಂದು ಬಂದರೆ ಮುಂದೆ ಹೋಗಿ. ‘ಕಾಷನ್’ ಅಥವಾ ‘ಬ್ಯಾಡ್’ ಎಂದರೆ ಕಂಪ್ರೆಷನ್ ವಿಚಾರ ಅಲ್ಲಿಗೇ ಬಿಡಿ. ಮೊದಲು ಎಲ್ಲವನ್ನೂ ಬೇರೆ ಡ್ರೈವ್‌ಗೆ ಕಾಪಿ ಮಾಡಿ. ಹಳೆಯ ಹಾರ್ಡ್‌ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೂ ಹಾಗೆಯೇ.

ಡ್ರೈವ್ ಚೆನ್ನಾಗಿದ್ದರೂ ಫೈಲ್‌ಗಳ ಇನ್ನೊಂದು ಪ್ರತಿ ಬೇರೆ ಕಡೆ ಬೇಕೇ ಬೇಕು. ಕಂಪ್ರೆಷನ್ ಓಡುತ್ತಿರುವಾಗ ಕರೆಂಟ್ ಹೋದರೆ ಎನ್‌ಟಿಎಫ್‌ಎಸ್ ತನ್ನ ಲೆಕ್ಕಪುಸ್ತಕವನ್ನು ಸರಿಮಾಡಿಕೊಳ್ಳುತ್ತದೆ. ಫೈಲ್‌ನ ಒಳಗಿನದ್ದಕ್ಕೆ ಅಷ್ಟೇ ಭರವಸೆ ಇಟ್ಟುಕೊಳ್ಳಲು ಆಗುವುದಿಲ್ಲ. ನಮ್ಮಲ್ಲಿ ಜೂನ್ ಜುಲೈಯಲ್ಲಿ ಗುಡುಗು ಶುರುವಾದರೆ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಕೊಳ್ಳಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ದೊಡ್ಡ ಫೋಲ್ಡರ್‌ಗೆ ಕೈ ಹಾಕಬೇಡಿ.

ಫೈಲ್ ಸಿಸ್ಟಂ ಯಾವುದು?

ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಎನ್‌ಟಿಎಫ್‌ಎಸ್ ಎಂದಿದ್ದರೆ ಕಂಪ್ರೆಷನ್ ಸಾಧ್ಯ. ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳು ಹೆಚ್ಚಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್‌ನಲ್ಲಿ ಇರುತ್ತವೆ, ಅಲ್ಲಿ ಈ ಟಿಕ್ ಬರುವುದೇ ಇಲ್ಲ. ಎನ್‌ಟಿಎಫ್‌ಎಸ್ ಆಗಿದ್ದರೂ ಫಾರ್ಮ್ಯಾಟ್ ಮಾಡುವಾಗ ಕ್ಲಸ್ಟರ್ ಗಾತ್ರವನ್ನು 4 ಕೆಬಿಗಿಂತ ಜಾಸ್ತಿ ಇಟ್ಟಿದ್ದರೆ ಈ ಕಂಪ್ರೆಷನ್ ಸಿಗುವುದಿಲ್ಲ. ಫೋಲ್ಡರನ್ನು ವಿಂಡೋಸ್‌ನ ಎನ್‌ಕ್ರಿಪ್ಷನ್ ಟಿಕ್ ಹಾಕಿ ಬೀಗ ಹಾಕಿದ್ದರೂ ಆಗದು. ಒಂದೇ ಫೈಲ್‌ಗೆ ಆ ಎರಡು ಟಿಕ್ ಒಟ್ಟಿಗೆ ಬೀಳುವುದಿಲ್ಲ.

ಈಗ ಫೋಲ್ಡರ್‌ಗಳನ್ನು ಬೇರೆ ಮಾಡಿ

ಇಲ್ಲಿಯೇ ನಿಜವಾದ ತೀರ್ಮಾನ ಆಗುವುದು. ಅಡಿಕೆ ತೋಟ ಇರುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹಣ್ಣಡಿಕೆಯನ್ನು ಅಂಗಳದಲ್ಲಿ ಹರಡಿ ಒಣಗಿಸಿದರೆ ತೂಕ ಇಳಿಯುತ್ತದೆ. ಒಣಗಿದ ಚಾಲಿಯನ್ನು ಮತ್ತೆ ಬಿಸಿಲಿಗೆ ಹಾಕಿದರೆ ಇಳಿಯುವುದಕ್ಕೆ ಏನಿದೆ? ಫೈಲ್‌ಗಳಲ್ಲೂ ಹಣ್ಣಡಿಕೆ ಇದೆ, ಚಾಲಿಯೂ ಇದೆ.

ಫೋನ್‌ನ ಫೋಟೊ, ಎಂಪಿ4 ವಿಡಿಯೊ, ಎಂಪಿ3 ಹಾಡು, ಜಿಪ್ ಫೈಲ್ ಎಲ್ಲವೂ ಚಾಲಿ. ಮಾಡುವಾಗಲೇ ಒತ್ತಿ ಆಗಿರುತ್ತದೆ. ಪಿಡಿಎಫ್‌ಗಳೂ ಹೆಚ್ಚಾಗಿ ಹಾಗೆಯೇ. ವರ್ಡ್‌ನ ಡಾಕ್ಸ್, ಎಕ್ಸೆಲ್‌ನ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್‌ಗಳು ಒಳಗಿನಿಂದ ಜಿಪ್ ಫೈಲ್‌ಗಳೇ. ಹೆಸರಿನ ಕೊನೆ ಬದಲಾಯಿಸಿ ಜಿಪ್ ಎಂದು ಮಾಡಿದರೆ ತೆರೆದು ನೋಡಬಹುದು. ಕೋರೆಲ್‌ಡ್ರಾ ಎಕ್ಸ್4ರಿಂದ ಈಚೆಯ ಫೈಲ್‌ಗಳೂ ಹಾಗೆ. ಇವಕ್ಕೆ ಕಂಪ್ರೆಷನ್ ಹಾಕಿದರೆ ಸುಮ್ನೆ ಪ್ರೊಸೆಸರ್‌ಗೆ ಕೆಲಸ, ಜಾಗ ಏನೂ ಸಿಗುವುದಿಲ್ಲ.

ಹಣ್ಣಡಿಕೆ ಯಾವುದು? ಟೆಕ್ಸ್ಟ್ ಫೈಲ್, ಸಿಎಸ್‌ವಿ, ಲಾಗ್, ಎಕ್ಸ್‌ಎಂಎಲ್, ಹಳೆಯ ಡಾಕ್ ಮತ್ತು ಎಕ್ಸ್‌ಎಲ್‌ಎಸ್ ಫೈಲ್, ಪ್ರೋಗ್ರಾಂಗಳ ಮೂಲ ಕೋಡ್, ಬಿಎಂಪಿ ಚಿತ್ರ, ಪೇಜ್‌ಮೇಕರ್‌ನಲ್ಲಿ ಮಾಡಿಟ್ಟ ಹಳೆಯ ಸ್ಮರಣ ಸಂಚಿಕೆಗಳು.

ಕನ್ನಡದ ಟೆಕ್ಸ್ಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಇದು ನನಗೆ ತುಂಬ ಇಷ್ಟದ ವಿಷಯ. ಯುನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ‘ಕನ್ನಡ’ ಎಂದು ಬರೆದರೆ ಕಂಪ್ಯೂಟರ್ ಅದನ್ನು ಕ, ನ, ಒತ್ತಕ್ಷರ ಮಾಡುವ ಹಲಂತದ ಗುರುತು, ನ, ಡ ಎಂದು ಐದು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ. ಒಟ್ಟು 15 ಬೈಟ್. ಡ್ರೈವ್‌ನಲ್ಲಿ ಅದು ಹೀಗೆ ಇರುತ್ತದೆ:

ಕ — 224, 178, 149
ನ — 224, 178, 168
್ — 224, 179, 141
ನ — 224, 178, 168
ಡ — 224, 178, 161

ಎಡಗಡೆಯ ಸಾಲು ನೋಡಿ. ಎಲ್ಲ ಕಡೆ 224. ನಡುವೆ 178 ಅಥವಾ 179, ಬೇರೆ ಇಲ್ಲ. ಬದಲಾಗುತ್ತಿರುವುದು ಕೊನೆಯ ಬೈಟ್ ಒಂದೇ. ಇಡೀ ಪುಸ್ತಕವೇ ಹೀಗೆ. ಮತ್ತೆ ಮತ್ತೆ ಬರುವುದನ್ನು ಒಂದೇ ಸಲ ಬರೆದು, ಉಳಿದ ಕಡೆ ‘ಹಿಂದೆ ಇದ್ದದ್ದೇ ಇಲ್ಲೂ’ ಎಂದು ಗುರುತು ಹಾಕುವುದೇ ಕಂಪ್ರೆಷನ್. ಹಾಗಾಗಿ ಕನ್ನಡ ಯುನಿಕೋಡ್ ಟೆಕ್ಸ್ಟ್ ಅರ್ಧದ ಆಸುಪಾಸಿಗೆ ಇಳಿಯುವುದು ಮಾಮೂಲು. ನುಡಿಯ ಹಳೆಯ ಆಸ್ಕಿ ಅಕ್ಷರಗಳಲ್ಲಿ ಬರೆದ ಫೈಲ್‌ಗೆ ಒಂದು ತುಣುಕಿಗೆ ಒಂದೇ ಬೈಟ್ ಇರುತ್ತಿತ್ತು, ಫೈಲ್ ಸಣ್ಣದು. ಜಾಗ ಜಾಸ್ತಿ ಬೇಕೆಂದು ಯುನಿಕೋಡ್‌ಗೆ ಬದಲಾಯಿಸದೆ ಕೂತವರನ್ನು ನಾನು ನೋಡಿದ್ದೇನೆ. ಆ ಹೆದರಿಕೆ ಬೇಡ. ಬದಲಾಯಿಸಿ, ಹುಡುಕಲು ಸಿಗುತ್ತದೆ, ಜಾಗವನ್ನು ಹೀಗೆ ಉಳಿಸಬಹುದು.

ಇನ್ನು ನಡುವಿನವು. ಮಾಷ್ಟ್ರ ರೆಕಾರ್ಡಿಂಗ್‌ಗಳೆಲ್ಲ ವೇವ್ ಫೈಲ್‌ಗಳು. ಸಿಡಿ ಗುಣಮಟ್ಟದ ವೇವ್ ನಿಮಿಷಕ್ಕೆ 10 ಎಂಬಿಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಮೂರು ಗಂಟೆಯ ತಾಳಮದ್ದಳೆ ಸುಮಾರು 1.9 ಜಿಬಿ. ವೇವ್ ಒತ್ತದ ಫೈಲ್ ತಾನೇ, ಕಂಪ್ರೆಷನ್ ಹಾಕಿದರೆ ಇಳಿಯಬೇಕಲ್ಲ ಎಂದು ಅನ್ನಿಸುತ್ತದೆ. ಇಳಿಯುವುದು ತುಂಬ ಕಡಿಮೆ. ಭಾಗವತರ ಸ್ವರ, ಚೆಂಡೆ ಮದ್ದಳೆಯ ಪೆಟ್ಟು ಯಾವುದೂ ಬೈಟ್ ಲೆಕ್ಕದಲ್ಲಿ ಹಿಂದಿನ ಹಾಗೇ ಇನ್ನೊಮ್ಮೆ ಬರುವುದಿಲ್ಲ. ಇದಕ್ಕೆ ಫ್ಲ್ಯಾಕ್ ಎಂಬ ಧ್ವನಿಯದ್ದೇ ಕ್ರಮ ಇದೆ. ಒಂದು ಚೂರೂ ನಷ್ಟವಾಗದೆ ಫೈಲ್ ಅರ್ಧದಷ್ಟಕ್ಕೆ ಇಳಿಯಬಹುದು, ಬೇಕಾದಾಗ ಅದೇ ವೇವ್ ಮರಳಿ ಸಿಗುತ್ತದೆ. ಎಂಪಿ3 ಮಾಡಿ ಮೂಲವನ್ನು ಅಳಿಸುವುದು ಮಾತ್ರ ಬೇಡ ಎಂದು ಮಾಷ್ಟ್ರಿಗೆ ಕೈಮುಗಿದು ಹೇಳಿದೆ. ಅಲ್ಲಿ ಅರ್ಥ ಹೇಳಿದ ಹಿರಿಯರು ಕೆಲವರು ಈಗ ಇಲ್ಲ.

ಸ್ಕ್ಯಾನ್‌ಗಳದ್ದೂ ಹೀಗೇ ಲೆಕ್ಕ ಹಾಕಬಹುದು. ಎ4 ಪುಟವನ್ನು 300 ಡಿಪಿಐಯಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಒತ್ತದೆ ಟಿಫ್ ಆಗಿ ಇಟ್ಟರೆ ಒಂದು ಪುಟಕ್ಕೆ 26 ಎಂಬಿ. ಅದೇ ಪುಟ ಬರೀ ಕಪ್ಪು ಬಿಳುಪಿನಲ್ಲಿ, ಬೂದು ಬಣ್ಣವೂ ಇಲ್ಲದೆ, ಸುಮಾರು 1.1 ಎಂಬಿ. ಕಪ್ಪು ಬಿಳುಪಿನದ್ದು ಚೆನ್ನಾಗಿ ಒತ್ತಿಕೊಳ್ಳುತ್ತದೆ, ಪುಟದ ಬಹುಪಾಲು ಬಿಳಿಯೇ ತಾನೇ. ಬಣ್ಣದ್ದರಲ್ಲಿ ಹಳೆಯ ಕಾಗದದ ಕಲೆ, ನಾರು, ಮಾಸಲು ಎಲ್ಲ ಸೇರಿ ಪ್ರತಿ ಚುಕ್ಕಿಯೂ ಬೇರೆ ಬೇರೆ. ಹಸ್ತಪ್ರತಿಯನ್ನು ಬಣ್ಣದಲ್ಲೇ ಇಡಿ. ಆದರೆ ಟಿಫ್ ಸೇವ್ ಮಾಡುವಾಗಲೇ ಎಲ್‌ಜೆಡ್‌ಡಬ್ಲ್ಯು ಆಯ್ಕೆ ಹಾಕಿ, ಅಥವಾ ಪಿಎನ್‌ಜಿ ಮಾಡಿ. ಎರಡರಲ್ಲೂ ನಷ್ಟ ಇಲ್ಲ. ಫೈಲನ್ನು ಎಲ್ಲಿಗೆ ಕಳುಹಿಸಿದರೂ ಸಣ್ಣದಾಗಿಯೇ ಹೋಗುತ್ತದೆ.

ಈ ಕೊನೆಯ ಮಾತನ್ನು ಗಮನಿಸಿ. ಫೈಲ್ ಸಿಸ್ಟಂ ಕಂಪ್ರೆಷನ್ ಆ ಡ್ರೈವ್‌ನಲ್ಲಿ ಇರುವವರೆಗೆ ಮಾತ್ರ. ಒತ್ತಿದ ಫೋಲ್ಡರನ್ನು ಎಕ್ಸ್‌ಫ್ಯಾಟ್ ಪೆನ್‌ಡ್ರೈವ್‌ಗೆ ಹಾಕಿದರೆ ಪೂರ್ತಿ ಗಾತ್ರಕ್ಕೆ ಬಿಚ್ಚಿಕೊಳ್ಳುತ್ತದೆ. ಮೇಲ್‌ನಲ್ಲಿ ಕಳುಹಿಸಿದರೂ ಅಷ್ಟೇ.

ಇವುಗಳನ್ನು ಮುಟ್ಟಲೇಬೇಡಿ

ದಿನಾ ಒಳಗೆ ಬರೆಯುವ ದೊಡ್ಡ ಫೈಲ್‌ಗಳು. ಅಕೌಂಟ್ಸ್ ಪ್ರೋಗ್ರಾಂನ ಡೇಟಾ, ಡೇಟಾಬೇಸ್, ಔಟ್‌ಲುಕ್‌ನ ಮೇಲ್ ಫೈಲ್, ವರ್ಚುಯಲ್ ಮಷಿನ್‌ನ ಡಿಸ್ಕ್. ನಡುವಿನ ಎರಡು ಅಂಕಿ ಬದಲಾದರೂ ಆ 64 ಕೆಬಿ ತುಂಡನ್ನು ಬಿಡಿಸಿ, ತಿದ್ದಿ, ಮತ್ತೆ ಒತ್ತಿ ಬರೆಯಬೇಕು. ಹೊಸದು ಹಳೆಯ ಜಾಗಕ್ಕೆ ಹಿಡಿಸದಿದ್ದರೆ ಬೇರೆಲ್ಲೋ ಹೋಗಿ ಕೂರುತ್ತದೆ. ಹೀಗೆ ಫೈಲ್ ಚೂರು ಚೂರಾಗುತ್ತದೆ. ಬರೆದು ಓದುವ ಡೇಟಾಬೇಸ್ ಒತ್ತಿದ ಡ್ರೈವ್‌ನಲ್ಲಿದ್ದರೆ ಎಸ್‌ಕ್ಯುಎಲ್ ಸರ್ವರ್ ಎಂಬ ಡೇಟಾಬೇಸ್ ಪ್ರೋಗ್ರಾಂಗೆ ಮೈಕ್ರೋಸಾಫ್ಟ್‌ನ ಬೆಂಬಲವೇ ಇಲ್ಲ. 30 ಜಿಬಿಗಿಂತ ದೊಡ್ಡ ಫೈಲ್ ಆದರೆ ಕಂಪ್ರೆಷನ್ ಯಶಸ್ವಿಯಾಗದೆ ಇರಬಹುದು ಎಂದೂ ಅವರು ಹೇಳಿದ್ದಾರೆ.

ಅಂಗಡಿ ಶುರು ಮಾಡಿದ ಹೊಸತರಲ್ಲಿ ನಾನೇ ಈ ತಪ್ಪು ಮಾಡಿದ್ದೆ. ಒಬ್ಬರ ಅಂಗಡಿಯ ಬಿಲ್ಲಿಂಗ್ ಡೇಟಾ ಇದ್ದ ಫೋಲ್ಡರ್‌ಗೂ ಟಿಕ್ ಹಾಕಿ ಕಳುಹಿಸಿದೆ. ಜಾಗವೇನೋ ಚೆನ್ನಾಗಿಯೇ ಆಯಿತು. ವಾರ ಕಳೆಯುವಷ್ಟರಲ್ಲಿ ಫೋನ್ ಬಂತು. ಒಂದು ಬಿಲ್ ಬರಲು ಗಿರಾಕಿ ನಿಂತು ನಿಂತು ಹೋಗುತ್ತಿದ್ದಾರೆ ಎಂದು. ಹೋಗಿ ಟಿಕ್ ತೆಗೆದು, ಚೂರಾದ ಫೈಲ್‌ಗಳನ್ನು ಒಟ್ಟುಗೂಡಿಸುವ ಡಿಫ್ರ್ಯಾಗ್ ಮಾಡಿ ಬಂದೆ. ಆ ಗಿರಾಕಿಗಳು ಕಾದದ್ದು ನನ್ನಿಂದ.

ಎರಡನೆಯದು ಸಿ ಡ್ರೈವ್‌ನ ಒಟ್ಟು ಟಿಕ್. ವಿಂಡೋಸ್ 7ರ ಕಾಲದಲ್ಲಿ ಪೆರ್ಲದ ಕಡೆಯ ಒಬ್ಬ ಹುಡುಗ ಸಿಪಿಯು ಹೊತ್ತು ತಂದಿದ್ದ. ಆನ್ ಮಾಡಿದರೆ ಕಪ್ಪು ಪರದೆಯಲ್ಲಿ ‘ಬೂಟ್‌ಎಂಜಿಆರ್ ಈಸ್ ಕಂಪ್ರೆಸ್ಡ್’ ಎಂಬ ಒಂದೇ ಸಾಲು. ಕಂಪ್ಯೂಟರನ್ನು ಎಬ್ಬಿಸುವ ಫೈಲೇ ಒತ್ತಿಹೋಗಿತ್ತು. ಅದನ್ನು ಬಿಡಿಸುವ ವಿಂಡೋಸ್ ಇನ್ನೂ ಎದ್ದೇ ಇರಲಿಲ್ಲ. ಇನ್‌ಸ್ಟಾಲ್ ಡಿಸ್ಕ್ ಹಾಕಿ ರಿಪೇರಿ ಕಮಾಂಡ್‌ನಲ್ಲಿ ಆ ಒಂದು ಫೈಲನ್ನು ಬಿಡಿಸಿದ ಮೇಲೆ ಎದ್ದಿತು.

ವಿಂಡೋಸ್‌ನದ್ದೇ ಫೈಲ್‌ಗಳನ್ನು ಒತ್ತಬೇಕಿದ್ದರೆ ವಿಂಡೋಸ್ 10ರಿಂದ ಬೇರೆ ದಾರಿ ಇದೆ, ಕಾಂಪ್ಯಾಕ್ಟ್ ಓಎಸ್ ಎಂದು. ಓದುವುದಕ್ಕೆ ಮಾತ್ರ ಇರುವ ಫೈಲ್‌ಗಳಿಗೆ ಮಾಡಿದ ಕ್ರಮ ಅದು. 64 ಬಿಟ್ ವಿಂಡೋಸ್‌ನಲ್ಲಿ 2 ಜಿಬಿ ಆಸುಪಾಸು ಉಳಿಯುತ್ತದೆ. 32 ಅಥವಾ 64 ಜಿಬಿಯ ಸಣ್ಣ ಲ್ಯಾಪ್‌ಟಾಪ್ ಇದ್ದವರಿಗೆ ಉಪಯೋಗ. 256 ಜಿಬಿ ಇದ್ದವರು ಅಷ್ಟಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಒಂದು ಫೋಲ್ಡರ್‌ನಲ್ಲಿ ಮಾಡಿ ನೋಡಿ

ಒಂದು ಸಣ್ಣ ಫೋಲ್ಡರ್ ಆರಿಸಿ. ಅದರ ಕಾಪಿ ಮಾಡಿ, ಕಾಪಿಯ ಮೇಲೆ ಪರೀಕ್ಷೆ ಮಾಡಿ.

1. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್. ‘ಸೈಜ್’ ಮತ್ತು ‘ಸೈಜ್ ಆನ್ ಡಿಸ್ಕ್’ ಎಂದು ಎರಡು ಸಾಲು ಇರುತ್ತವೆ. ಎರಡನ್ನೂ ಬರೆದುಕೊಳ್ಳಿ.
2. ಅಲ್ಲೇ ‘ಅಡ್ವಾನ್ಸ್ಡ್’ ಒತ್ತಿ. ‘ಕಂಪ್ರೆಸ್ ಕಂಟೆಂಟ್ಸ್ ಟು ಸೇವ್ ಡಿಸ್ಕ್ ಸ್ಪೇಸ್’ ಎಂಬಲ್ಲಿ ಟಿಕ್ ಹಾಕಿ, ಓಕೆ, ಅಪ್ಲೈ.
3. ಒಳಗಿನ ಫೋಲ್ಡರ್‌ಗಳಿಗೂ ಬೇಕೇ ಎಂದು ಕೇಳುತ್ತದೆ. ಬೇಕು ಎಂಬುದನ್ನೇ ಆರಿಸಿ. ಇಲ್ಲದಿದ್ದರೆ ಇನ್ನು ಮುಂದೆ ಬರುವ ಫೈಲ್‌ಗಳಿಗೆ ಮಾತ್ರ ಅನ್ವಯಿಸುತ್ತದೆ.
4. ಮುಗಿದ ಮೇಲೆ ಪ್ರಾಪರ್ಟೀಸ್ ಮತ್ತೆ ತೆರೆಯಿರಿ. ‘ಸೈಜ್’ ಹಾಗೇ ಇರುತ್ತದೆ, ಅದು ಫೈಲ್‌ನ ನಿಜ ಗಾತ್ರ. ‘ಸೈಜ್ ಆನ್ ಡಿಸ್ಕ್’ ಎಷ್ಟು ಇಳಿಯಿತು ನೋಡಿ.

ವಿಂಡೋಸ್ 10ರಿಂದ ಒತ್ತಿದ ಫೈಲ್‌ನ ಚಿತ್ರದ ಮೂಲೆಯಲ್ಲಿ ಎರಡು ನೀಲಿ ಬಾಣಗಳು ಕಾಣುತ್ತವೆ. ಅದನ್ನು ವೈರಸ್ ಎಂದು ಹೆದರಿ ತಂದವರಿದ್ದಾರೆ. ಏನೂ ಆಗಿಲ್ಲ, ಗುರುತು ಅಷ್ಟೇ.

ಎಷ್ಟು ಇಳಿದರೆ ಲಾಭ? ನಾನು ಇಟ್ಟುಕೊಂಡ ಅಳತೆ ಹೀಗಿದೆ. ಕಾಲು ಭಾಗ ಜಾಗವಾದರೂ ಉಳಿತಾಯ ಆಗಬೇಕು, ಹಾಗೆ ಸಿಕ್ಕಿದ ಜಾಗ ಕೆಲವು ಜಿಬಿಯಾದರೂ ಇರಬೇಕು. 300 ಎಂಬಿಯ ಫೋಲ್ಡರ್ ಅರ್ಧಕ್ಕೆ ಇಳಿದರೂ ಸಿಕ್ಕಿದ್ದು 150 ಎಂಬಿ, ಒಂದು ಸಣ್ಣ ವಿಡಿಯೊದಷ್ಟು. ಅದಕ್ಕಾಗಿ ಒದ್ದಾಡುವುದು ಬೇಡ. ಜೊತೆಗೆ ಒಂದೆರಡು ಫೈಲ್ ತೆರೆದು ನೋಡಿ, ನಿಧಾನ ಅನ್ನಿಸುತ್ತಿದೆಯಾ ಎಂದು. ತಿರುಗುವ ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಕೆಲವೊಮ್ಮೆ ಒತ್ತಿದ ಫೈಲೇ ಬೇಗ ತೆರೆಯುತ್ತದೆ, ಡಿಸ್ಕಿನಿಂದ ಎತ್ತಬೇಕಾದದ್ದು ಕಡಿಮೆ ಎಂಬ ಕಾರಣಕ್ಕೆ. ಎಸ್‌ಎಸ್‌ಡಿಯಲ್ಲಿ ಆ ಲಾಭ ನಿರೀಕ್ಷಿಸಬೇಡಿ.

ಟಿಕ್ ಹಾಕಿದ ಫೋಲ್ಡರ್‌ಗೆ ಬೇರೆ ಕಡೆಯಿಂದ ಕಾಪಿ ಮಾಡಿದ ಫೈಲ್ ತಾನೇ ಒತ್ತಿಕೊಳ್ಳುತ್ತದೆ. ಅದೇ ಡ್ರೈವ್‌ನ ಇನ್ನೊಂದು ಫೋಲ್ಡರ್‌ನಿಂದ ಕಟ್ ಮಾಡಿ ತಂದದ್ದು ಮಾತ್ರ ಹಳೆಯ ಸ್ಥಿತಿಯಲ್ಲೇ ಉಳಿಯುತ್ತದೆ. ‘ಟಿಕ್ ಇದೆ, ಆದರೂ ಜಾಗ ಆಗಲಿಲ್ಲ’ ಎನ್ನುವವರು ಇದನ್ನೊಮ್ಮೆ ನೋಡಿ.

ಲಿನಕ್ಸ್ ಇದ್ದವರಿಗೆ

ಕೇರಳದ ಶಾಲೆಗಳಲ್ಲಿ ಸರ್ಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್‌ನ ಲ್ಯಾಪ್‌ಟಾಪ್‌ಗಳು ಉಬುಂಟು ಎಂಬ ಲಿನಕ್ಸ್ ಆಧಾರಿತ ವ್ಯವಸ್ಥೆಯಲ್ಲಿ ಓಡುತ್ತವೆ. ಕನ್ನಡ ಮಾಧ್ಯಮದ ಶಿಕ್ಷಕರು ಈ ಪ್ರಶ್ನೆ ಕೇಳುತ್ತಾರೆ. ಉಬುಂಟುವಿನಲ್ಲಿ ಸಾಮಾನ್ಯವಾಗಿ ಇರುವ ಫೈಲ್ ಸಿಸ್ಟಂ ಇಎಕ್ಸ್‌ಟಿ4. ಅದರಲ್ಲಿ ಇಂಥ ಕಂಪ್ರೆಷನ್ ಇಲ್ಲ. ಹಳೆಯ ಪ್ರಶ್ನೆಪತ್ರಿಕೆ, ಅಂಕಪಟ್ಟಿಗಳನ್ನು ವರ್ಷವಾರು ಜಿಪ್ ಮಾಡಿ ಇಡುವುದೇ ದಾರಿ. ಮನೆಯ ಕಂಪ್ಯೂಟರ್‌ಗೆ ಹೊಸದಾಗಿ ಲಿನಕ್ಸ್ ಹಾಕುವವರು ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಆರಿಸಿಕೊಳ್ಳಬಹುದು. ಅದರಲ್ಲಿ ಜೆಡ್‌ಸ್ಟ್ಯಾಂಡರ್ಡ್ ಎಂಬ ಹೊಸ ಬಗೆಯ ಕಂಪ್ರೆಷನ್ ಇದೆ. ಫೈಲ್‌ನ ಆರಂಭವನ್ನು ಒತ್ತಿ ನೋಡಿ, ಇಳಿಯದಿದ್ದರೆ ಆ ಫೈಲನ್ನು ಬಿಟ್ಟುಬಿಡುವಷ್ಟು ಜಾಣತನವೂ ಇದೆ. ಫೆಡೋರಾ ಎಂಬ ಲಿನಕ್ಸ್ 2021ರ 34ನೇ ಆವೃತ್ತಿಯಿಂದ ಇದನ್ನು ಮೊದಲಿಂದಲೇ ಹಾಕಿ ಕೊಡುತ್ತಿದೆ. ಅಲ್ಲಿ ಇಡೀ ಡ್ರೈವ್‌ಗೆ ಹಾಕಿದರೂ ನನಗೆ ಅಭ್ಯಂತರ ಇಲ್ಲ.

ಬೇಡ ಅನ್ನಿಸಿದರೆ

ಅದೇ ಟಿಕ್ ತೆಗೆದರೆ ಫೈಲ್‌ಗಳು ಬಿಡಿಸಿಕೊಳ್ಳುತ್ತವೆ. ಆದರೆ ಬಿಡಿಸಿಕೊಳ್ಳಲು ಜಾಗ ಬೇಕು. ತೆಗೆಯುವ ಮೊದಲು ‘ಸೈಜ್’ನಿಂದ ‘ಸೈಜ್ ಆನ್ ಡಿಸ್ಕ್’ ಕಳೆಯಿರಿ. ಅಷ್ಟು ಖಾಲಿ ಜಾಗ, ಅದರ ಮೇಲೆ ಇನ್ನೂ ಸ್ವಲ್ಪ, ಡ್ರೈವ್‌ನಲ್ಲಿ ಇರಲೇಬೇಕು.

ಮಾಷ್ಟ್ರ ಲ್ಯಾಪ್‌ಟಾಪ್‌ನಲ್ಲಿ ಕೊನೆಗೆ ಟಿಕ್ ಬಿದ್ದದ್ದು ಎರಡೇ ಫೋಲ್ಡರ್‌ಗೆ. ಊರಿನ ಚರಿತ್ರೆಯ ಟಿಪ್ಪಣಿಗಳದ್ದು ಒಂದು, ಹಳೆಯ ಪೇಜ್‌ಮೇಕರ್ ಮತ್ತು ಡಾಕ್ ಫೈಲ್‌ಗಳದ್ದು ಇನ್ನೊಂದು. ತಾಳಮದ್ದಳೆಗಳೆಲ್ಲ ಫ್ಲ್ಯಾಕ್ ಆಗಿ ಹೊರಗಿನ ಎರಡು ಹಾರ್ಡ್‌ಡಿಸ್ಕ್‌ಗಳಿಗೆ ಹೋದವು. ಒಂದು ಅವರ ಮನೆಯಲ್ಲಿ, ಇನ್ನೊಂದು ಕುಂಬಳೆಯ ಮಗಳ ಮನೆಯಲ್ಲಿ. ಹಸ್ತಪ್ರತಿಯ ಸ್ಕ್ಯಾನ್‌ಗಳನ್ನು ಪಿಎನ್‌ಜಿ ಮಾಡುವ ಕೆಲಸ ಇನ್ನೂ ನಡೆಯುತ್ತಿದೆ, ಸಂಜೆ ಹೊತ್ತು ಬಂದು ಕೂತು ಅವರೇ ಮಾಡುತ್ತಾರೆ.